ಎಡಗಾಲಿನ ಸಾಲು

ಹಲಗೆ ಇರಲಿಲ್ಲ.

ಕೆಸರಿನ ಮೇಲೆ ಕಾಲಲ್ಲಿ ತಳ್ಳಿಕೊಂಡು ಬಂದ ಅದನ್ನು ಕಾಲುವೆಯ ಅಂಚಿನಲ್ಲಿದ್ದ ಹುಲ್ಲಿನ ಗುಪ್ಪೆಯೊಂದಕ್ಕೆ ಕಟ್ಟಿದ್ದೆ. ಗಂಟು ಗಟ್ಟಿಯಾಗಿಯೇ ಇತ್ತು, ಗಟ್ಟಿ ಇರದಿದ್ದದ್ದು ದಂಡೆ. ಏರುತ್ತಿದ್ದ ನೀರು ಅಂಚಿನ ಕೆಸರನ್ನು ಕೊರೆದು, ಗುಪ್ಪೆ ಬುಡಸಮೇತ ಕಿತ್ತು ಬಂದಿತ್ತು. ನನ್ನ ಹಲಗೆ ಅದನ್ನು ಬಾಲದ ಹಾಗೆ ಎಳೆದುಕೊಂಡು ಉತ್ತರದ ಕಾಲುವೆ ಹಿಡಿದು ಹೋಗುತ್ತಿತ್ತು. ನಾನು ಕೂಗಿದೆ. ಹಲಗೆಯನ್ನು ಕೂಗಿ ಕರೆಯುವ ಪೊಲೀಸಿನವಳು ನಮ್ಮ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು.

ಆ ಗುಪ್ಪೆ ಸಾಯುವುದಿಲ್ಲ, ಅದೂ ಗೊತ್ತಿತ್ತು. ಎಲ್ಲೋ ಒಂದು ಕಡೆ ಕೆಸರಿಗೆ ತಾಗಿ ಬೇರು ಬಿಟ್ಟು, ಎರಡು ಮೂರು ವರ್ಷದಲ್ಲಿ ಅಂಗಳದಷ್ಟು ಜಾಗ ನುಂಗುತ್ತದೆ. ಸಾಯುವ ಸಾಧ್ಯತೆ ಇದ್ದದ್ದು ನನಗೆ ಮಾತ್ರ.

ತಾನ್‌ವೇ ಊರಿನಲ್ಲಿ ಹುಟ್ಟಿದವರು ಯಾರೂ ಹುಲ್ಲಿಗೆ ಹಲಗೆ ಕಟ್ಟುವುದಿಲ್ಲ, ಗೂಟ ಹೊಡೆದು ಕಟ್ಟುತ್ತಾರೆ. ನಾನೂ ಅದೇ ಊರಿನವಳು. ಆದರೆ ಠಾಣೆಯ ಕುರ್ಚಿಯಲ್ಲಿ ಕೂತು ಕೂತು ಬುದ್ಧಿಗೂ ಬೊಜ್ಜು ಬಂದಿತ್ತು. ಕಡಲಿನ ಇಳಿತ ಮುಗಿಯುವ ಮೊದಲು ಬಂದು, ಒಂದು ಕಣ್ಣು ಹಾಯಿಸಿ, ಹಿಂದಿರುಗಿಬಿಡುತ್ತೇನೆ ಅಂದುಕೊಂಡಿದ್ದೆ.

ಬಂದ ಕಾರಣ ಸಣ್ಣದಾಗಿರಲಿಲ್ಲ. ಹೋದ ವಾರ ಹುಲ್ಲು ಕೀಳುವ ಯಂತ್ರದ ಹಲ್ಲಿಗೆ ಬಿಂಗ್‌ಶೆಂಗ್‌ನ ದೋಣಿ ಸಿಕ್ಕಿ, ದೋಣಿಯೊಳಗೆ ಅವನ ಮೂಳೆ ಸಿಕ್ಕಿ, ನನ್ನ ಮಾತಿನ ಮೇಲೆ ದಾಶುಯಿ ಚಿಕ್ಕಪ್ಪನನ್ನು ಹಿಡಿದು ಒಳಗೆ ಹಾಕಿದ್ದರು.

ಬಿಂಗ್‌ಶೆಂಗ್ ಮಾಯವಾಗಿ ಎಂಟೊಂಬತ್ತು ವರ್ಷ. ಅವನೂ ಎಲ್ಲರ ಹಾಗೆ ಕಳ್ಳ ಹಡಗು ಹತ್ತಿ ಹೊರದೇಶಕ್ಕೆ ಹೋದ ಅಂತ ಊರು ನಂಬಿತ್ತು. ನಮ್ಮ ಕಡೆ ಗಂಡಸು ಒಂದು ದಿನ ಕಾಣದಿದ್ದರೆ ಯಾರೂ ಹುಡುಕುವುದಿಲ್ಲ, ಹಬ್ಬಕ್ಕೆ ಫೋನು ಬರುತ್ತದೆ ಅಂತ ಕಾಯುತ್ತಾರೆ. ಅವನ ಹೆಂಡತಿ ಶಿಯೂಝು ಹಾಗೆಯೇ ಕಾದಳು. ಅವನು ಮಾತ್ರ ಊರ ಒಡ್ಡಿನಿಂದ ಕಣ್ಣಳತೆಯಲ್ಲೇ, ಆಳೆತ್ತರದ ಹುಲ್ಲಿನ ಕೆಳಗೆ ಮಲಗಿದ್ದ.

ಆ ಹುಲ್ಲು ತಾನಾಗಿ ಬಂದದ್ದಲ್ಲ ಅಂತ ಕಂಡುಹಿಡಿದವಳು ನಾನು. ಈ ಹುಲ್ಲು ಎರಡು ಬಗೆಯಲ್ಲಿ ಸಂಸಾರ ಬೆಳೆಸುತ್ತದೆ. ಒಂದು, ತೆನೆ ಹೂಬಿಟ್ಟು, ಹೂವಿನ ಪುಡಿ ಗಾಳಿಗೆ ಹಾರಿ, ಕಾಳು ಕಟ್ಟಿ, ಕಾಳು ಉದುರಿ ಉಬ್ಬರದಲ್ಲಿ ತೇಲಿಹೋಗಿ ಮೊಳೆಯುವುದು. ಹಾಗೆ ಹುಟ್ಟಿದವು ಅಕ್ಕತಂಗಿಯರ ಹಾಗೆ, ಒಂದರಂತೆ ಒಂದಿಲ್ಲ. ಒಂದು ಕುಳ್ಳು, ಒಂದು ಉದ್ದ, ಒಂದು ಬೇಗ ಹೂಬಿಟ್ಟರೆ ಇನ್ನೊಂದು ತಡ. ಎರಡನೆಯದು ಕೆಸರಿನೊಳಗಿನ ದಾರಿ. ಬುಡದ ಬೇರು ಸುತ್ತಲೂ ಕೈಚಾಚಿ, ಚಾಚಿದಲ್ಲೆಲ್ಲ ಹೊಸ ದಂಟು ಎಬ್ಬಿಸುತ್ತದೆ. ಅದರದೊಂದು ತುಂಡು ಮುರಿದು ಬೇರೆಡೆ ಹೂತರೂ ಹುಟ್ಟುವುದು ಅದೇ ತಾಯಿ. ಅದೇ ಬಣ್ಣ, ಹೂಬಿಡುವುದೂ ಅದೇ ವಾರ.

ದೋಣಿ ಸಿಕ್ಕ ಮರುದಿನ ಒಡ್ಡಿನ ಮೇಲೆ ನಿಂತು ನೋಡಿದಾಗ, ಇನ್ನೂ ಹೂಬಿಡದ ಹಸಿರು ಹುಲ್ಲಿನ ನಡುವೆ ಕೆಂಪು ದಂಟಿನ ಒಂದು ಪಟ್ಟಿ ಮಾತ್ರ ಮೈತುಂಬ ತೆನೆ ಹೊತ್ತು ನಿಂತಿತ್ತು. ದಡದಿಂದ ಹೊರಟು, ದೋಣಿ ಸಿಕ್ಕ ಜಾಗದ ಪಕ್ಕದಲ್ಲೇ ಹಾದು, ಕಡಲ ಕಡೆಗೆ. ಉಬ್ಬರ ತಂದ ಕಾಳು ಹಾಗೆ ಸಾಲಾಗಿ ಮೊಳೆಯುವುದಿಲ್ಲ. ಯಾರೋ ಒಂದೇ ತಾಯಿಯ ತುಂಡುಗಳನ್ನು ಹಲಗೆಯ ಮೇಲೆ ಹೇರಿಕೊಂಡು, ಒಂದೊಂದು ಸಲ ತಳ್ಳಿದಾಗಲೂ ಒಂದೊಂದು ನೆಟ್ಟು ಹೋಗಿದ್ದರು. ಹುಲ್ಲು ಬೆಳೆದರೆ ಕೆಸರು ಹಿಡಿಯುತ್ತದೆ, ಕೆಸರು ಏರಿದರೆ ದೋಣಿ ಮುಚ್ಚುತ್ತದೆ. ಉಪಾಯ ಫಲಿಸಿತ್ತು.

ಆ ಸಾಲು ಹೊರಗಿನ ಅರ್ಧದಲ್ಲಿ ಬಾಗಿತ್ತು, ಅದೂ ಒಂದೇ ಕಡೆಗೆ. ಕೆಸರು ಹಲಗೆಯ ಮೇಲೆ ಒಂದು ಮಂಡಿಯೂರಿ ಇನ್ನೊಂದು ಕಾಲಲ್ಲಿ ತಳ್ಳಬೇಕು. ಬಲಗಾಲಲ್ಲಿ ತಳ್ಳಿದರೆ ಹಲಗೆ ಎಡಕ್ಕೆ ಎಳೆಯುತ್ತದೆ, ಎಡಗಾಲಲ್ಲಿ ತಳ್ಳಿದರೆ ಬಲಕ್ಕೆ. ದಣಿದಾಗ ಎಲ್ಲರೂ ಕಾಲು ಬದಲಾಯಿಸುತ್ತಾರೆ, ಅದಕ್ಕೇ ನಮ್ಮೂರಿನವರ ಹಲಗೆಯ ದಾರಿ ಆಚೆಗಿಷ್ಟು ಈಚೆಗಿಷ್ಟು ಹಾವಿನ ಹಾಗೆ ಹೋಗುತ್ತದೆ. ಈ ಸಾಲು ದಡದಿಂದ ನೋಡಿದರೆ ಎಡಕ್ಕೇ ಬಾಗಿತ್ತು. ನೆಟ್ಟವರು ಬಲಗಾಲೊಂದನ್ನೇ ನಂಬಿದವರು.

ಬಲಮಂಡಿ ಮಡಚಲಾಗದೆ ಬಲಗಾಲಲ್ಲೇ ತಳ್ಳುವವನು ಊರಿನಲ್ಲಿ ಒಬ್ಬನೇ. ದಾಶುಯಿ ಚಿಕ್ಕಪ್ಪ, ಅಪ್ಪನ ಜೊತೆ ಬೆಳೆದವನು, ನನಗೆ ಹಬ್ಬಕ್ಕೆ ಕಡಲೆಕಾಯಿ ಮಿಠಾಯಿ ತಂದುಕೊಡುತ್ತಿದ್ದವನು. ಬಿಂಗ್‌ಶೆಂಗ್ ಜೊತೆ ಕೆಸರಿನಲ್ಲಿ ಬಳಚು ಚಿಪ್ಪು ಸಾಕುವ ಪಾತಿಯ ಗಡಿಗಾಗಿ ಅವನು ಜಗಳವಾಡಿದ್ದು ಊರಿಗೆಲ್ಲ ಗೊತ್ತಿತ್ತು. ನಮ್ಮ ಹಿರಿಯ ಅಧಿಕಾರಿ ಫಾನ್ ನನ್ನ ಬೆನ್ನು ತಟ್ಟಿದರು. ಚಿಕ್ಕಪ್ಪ ಮಾತ್ರ ಹೌದು ಅನ್ನಲಿಲ್ಲ, ಇಲ್ಲವೂ ಅನ್ನಲಿಲ್ಲ. ನಾನು ಕೇಳಿದಾಗ ನನ್ನ ಮುಖ ನೋಡಿ, ಅಪ್ಪನ ಕೆಮ್ಮು ಹೇಗಿದೆ ಅಂತ ವಿಚಾರಿಸಿದ. ಅದು ನನ್ನನ್ನು ಕೊರೆಯುತ್ತಿತ್ತು.

ನಾಳೆ ಬೆಳಿಗ್ಗೆ ಅವನನ್ನು ನಗರದ ಜೈಲಿಗೆ ಸಾಗಿಸುತ್ತಾರೆ. ನಾಳೆ ಬೆಳಿಗ್ಗೆಯೇ ಯಂತ್ರವೂ ಈ ಸಾಲಿನ ಮೇಲೆ ಹರಿಯುತ್ತದೆ, ಯಾಕೆಂದರೆ ಹೂವು ಕಾಳಾಗುವ ಮೊದಲು ಕತ್ತರಿಸದಿದ್ದರೆ ಬರುವ ವರ್ಷ ಕೊಲ್ಲಿ ತುಂಬ ಮತ್ತೆ ಅದೇ ಹುಲ್ಲು. ಅಷ್ಟರೊಳಗೆ ಒಂದೇ ಒಂದು ವಿಷಯ ನೋಡಿಬಿಡಬೇಕೆಂದು ಬಂದಿದ್ದೆ. ಈ ಕೆಂಪು ದಂಟಿನ ತಾಯಿ ಎಲ್ಲಿತ್ತು?

ತಾಯಿ ಇಲ್ಲಿತ್ತು. ಕೊಲ್ಲಿಯ ಹೊರ ಅಂಚಿನ ದೀಪದ ಕಂಬದ ಬುಡದಲ್ಲಿ, ದೊಡ್ಡ ಕಣದಷ್ಟು ಅಗಲದ ದುಂಡನೆಯ ಹುಲ್ಲು. ಕೆಂಪು ದಂಟು, ತುಂಬು ತೆನೆ, ತೆನೆಯಿಂದ ಇಳಿಬಿದ್ದ ಬಿಳಿ ಎಳೆಗಳು. ಸುತ್ತಲ ಹುಲ್ಲೆಲ್ಲ ಇನ್ನೂ ಹಸಿರು.

ಅದನ್ನು ಕಂಡ ಕೂಡಲೇ ತಿರುಗಿ ದಡದ ಕಡೆ ನೋಡಿದೆ. ಆ ಕಾಲಕ್ಕೆ ಊರ ಹತ್ತಿರ ಹುಲ್ಲೇ ಇರಲಿಲ್ಲ. ತುಂಡು ಬೇಕಿದ್ದವರು ಮೊದಲು ಇಲ್ಲಿಗೆ ಬರಬೇಕು, ಇಲ್ಲಿ ಕಿತ್ತು, ಇಲ್ಲಿಂದ ನೆಡುತ್ತಾ ದಡಕ್ಕೆ ಹೋಗಬೇಕು. ನಾನು ಸಾಲನ್ನು ದಡದಿಂದ ಕಡಲಿಗೆ ಓದಿದ್ದೆ. ನೆಟ್ಟವರು ಕಡಲಿನಿಂದ ದಡಕ್ಕೆ ಹೋಗಿದ್ದರು. ಕಂಬದ ಹತ್ತಿರ ನಿಂತು ದಡದ ಕಡೆ ಮುಖ ಮಾಡಿದರೆ ಅದೇ ಬಾಗು ಬಲಕ್ಕಿತ್ತು.

ಬಲಕ್ಕೆ ಎಳೆದಿದ್ದರೆ ತಳ್ಳಿದ್ದು ಎಡಗಾಲು. ದಾಶುಯಿ ಚಿಕ್ಕಪ್ಪ ಇನ್ನೊಮ್ಮೆ ಹುಟ್ಟಿ ಬಂದರೂ ಎಡಗಾಲಲ್ಲಿ ತಳ್ಳಲಾರ. ತಿರುಗಿ ಓಡಬೇಕೆಂದು ಹೊರಟಾಗಲೇ ಹಲಗೆ ಇಲ್ಲದಿದ್ದದ್ದು ಕಂಡದ್ದು.

ನಾನು ಇಲ್ಲಿಗೆ ಬರುವಾಗಲೇ ಫೋನು ಕೆಸರಿಗೆ ಬಿದ್ದು ಸತ್ತಿತ್ತು. ಕಂಬದ ಮೆಟ್ಟಿಲುಗಳು ತುಕ್ಕು ಹಿಡಿದು ಉದುರಿಹೋಗಿದ್ದವು, ಮೈಯೆಲ್ಲ ಸಿಂಪಿ ಹತ್ತಿತ್ತು. ಎರಡು ಸಲ ಹತ್ತಲು ನೋಡಿ ಅಂಗೈ ಕೊಯ್ದುಕೊಂಡೆ. ಸಿಂಪಿ ಎಲ್ಲಿಯವರೆಗೆ ಹತ್ತಿದೆ ಅಂತ ತಲೆಯೆತ್ತಿ ನೋಡಿದೆ. ನನ್ನ ನೆತ್ತಿಗಿಂತ ಮೇಲಿತ್ತು. ನೀರು ಅಲ್ಲಿಯವರೆಗೆ ಬರುತ್ತದೆ.

ಚಿಕ್ಕಂದಿನಲ್ಲಿ ಈ ಬಯಲಿನ ಕಾಲುವೆಗಳೆಲ್ಲ ನನಗೆ ಅಂಗೈ ಗೆರೆಯ ಹಾಗೆ ಗೊತ್ತಿದ್ದವು. ಹುಲ್ಲು ಅವನ್ನೆಲ್ಲ ಹೂತು ತನಗೆ ಬೇಕಾದ ಹಾಗೆ ಬೇರೆ ಕಾಲುವೆ ಮಾಡಿಕೊಂಡಿತ್ತು. ಕಡಲಿನ ಕಡೆಯಿಂದ ಬರಬೇಕಾದ ನೀರು ನನ್ನ ಬೆನ್ನ ಹಿಂದಿನಿಂದ, ದಡದ ಕಡೆಯಿಂದ ಸದ್ದಿಲ್ಲದೆ ಬರುತ್ತಿತ್ತು. ಹುಲ್ಲಿನೊಳಗೆ ನುಗ್ಗಿದೆ. ನಾಲ್ಕು ಹೆಜ್ಜೆಗೆ ಮಂಡಿಯವರೆಗೆ ಹೂತೆ. ಆ ಕಡೆ ಈ ಕಡೆ ದಂಟಿನ ಗೋಡೆ, ಮೇಲೆ ಒಂದು ತುಂಡು ಆಕಾಶ. ಹೂವಿನ ಪುಡಿ ಮೂಗಿಗೆ ಹೊಕ್ಕು ಸೀನು ಬಂತು. ಕಾಲು ಕಿತ್ತುಕೊಂಡು ಮತ್ತೆ ಕಂಬಕ್ಕೇ ಬಂದೆ.

ನಿಜಕ್ಕೂ ಹೆದರಿದೆ. ಸಾಯುವುದಕ್ಕಿಂತ ಹೆಚ್ಚಾಗಿ, ನನ್ನ ತಪ್ಪು ಉಳಿದು ನಾನು ಹೋಗಿಬಿಡುವುದಕ್ಕೆ ಹೆದರಿದೆ. ಸಾಲಿನ ಚಿತ್ರ ಫಾನ್ ಸಾಹೇಬರ ಬಳಿ ಇದೆ. ಅದನ್ನು ತಿರುಗಿಸಿ ಓದಬೇಕು ಅನ್ನುವುದು ನನ್ನೊಬ್ಬಳ ತಲೆಯಲ್ಲಿದೆ. ಆ ತಲೆ ಮುಳುಗಿದರೆ ಚಿಕ್ಕಪ್ಪ ಜೈಲಿನಿಂದ ಹೊರಗೆ ಬರುವುದು ಹೆಣವಾಗಿಯೇ.

ನಾನು ಇಲ್ಲಿಗೆ ಬಂದದ್ದು ಅಪ್ಪನಿಗೆ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಬೆಳಿಗ್ಗೆ ಗಂಜಿ ಕುಡಿಯುತ್ತಾ ಕೆಂಪು ದಂಟು, ತಾಯಿ ಹುಲ್ಲು ಎಲ್ಲವನ್ನೂ ಅವನಿಗೆ ಹೇಳಿದ್ದೆ. ಅವನು ತನ್ನ ಹಳೇ ಹಲಗೆ ತೆಗೆದುಕೊಟ್ಟ. ಹೋಗಲೇಬೇಕಾ ಅಂತ ಒಂದು ಸಲ ಕೇಳಿದ. ಅವನ ಬಟ್ಟಲಿನ ಗಂಜಿ ಹಾಗೇ ಆರುತ್ತಿತ್ತು.

ನೀರು ಮೀನಖಂಡ ದಾಟಿತು. ಆಗ ದಕ್ಷಿಣದ ಕಡೆ ಹುಲ್ಲು ಸರಿಯಿತು.

“ಏನೇ ಪೊಲೀಸಮ್ಮ, ಹುಲ್ಲು ಮೇಯೋಕ್ ಬಂದ್ಯಾ?”

ಹಲಗೆಯ ಮೇಲೆ ಶಿಯೂಝು ಅತ್ತಿಗೆ. ಬಿಂಗ್‌ಶೆಂಗ್‌ನ ಹೆಂಡತಿ, ಈಗ ವಿಧವೆ ಅನ್ನಬೇಕು. ತಲೆಗೆ ಹೂವಿನ ಬಟ್ಟೆ ಬಿಗಿದು, ಕೆಸರು ತಾಗದ ಹಾಗೆ ತೋಳಿಗೆ ರಬ್ಬರಿನ ಚೀಲ ಏರಿಸಿಕೊಂಡಿದ್ದಳು. ಐವತ್ತರ ಹೆಂಗಸು, ಮೈಯಲ್ಲಿ ಒಂದು ಚೂರು ಕೊಬ್ಬಿಲ್ಲ. ನನಗೆ ಅಳು ಬಂತು. ಹಾಗೇ ನುಂಗಿಕೊಂಡೆ.

ಹಲಗೆ ಹೋಯಿತು ಅಂದೆ.

“ಗೊತ್ತು. ತೇಲ್ಕೊಂಡ್ ಹೋಗ್ತಿದ್ದದ್ದು ನೋಡ್ದೆ. ಯಾವ ಪುಣ್ಯಾತ್ಗಿತ್ತಿ ಹುಲ್ಲಿಗ್ ಕಟ್ಟಿದ್ಲೋ ಅಂದ್ಕೊಂಡೆ.” ಅವಳು ಹಲಗೆಯನ್ನು ನನ್ನ ಕಾಲಿಗೆ ತಾಗಿಸಿದಳು. “ಹತ್ತು. ಮುಂದೆ ಮಂಡಿಯೂರು. ಅಲ್ಲಾಡ್ಬೇಡ, ಇಬ್ರಿಗೆ ಆಗೋ ಹಲಗೆ ಅಲ್ಲ ಇದು.”

ಹತ್ತಿದೆ. ಅವಳು ಹಿಂದಿನಿಂದ ತಳ್ಳಿದಳು. ಹಲಗೆ ಕೆಂಪು ಸಾಲನ್ನೇ ಹಿಡಿದು ಹೊರಟಿತು. ಅಲ್ಲಿ ಯಂತ್ರ ಅಳತೆಗೆಂದು ತೆಗೆದ ಕಿರಿದಾದ ಓಣಿ ಒಂದಿತ್ತು, ನಡೆಯಲು ಸಾಧ್ಯವಿಲ್ಲದಿದ್ದರೂ ಹಲಗೆ ನುಸುಳುವಷ್ಟು. ನಾನು ಅವಳಿಗೆ ಎಷ್ಟೊಂದು ಕೃತಜ್ಞಳಾಗಿದ್ದೆ ಅಂದರೆ ಸ್ವಲ್ಪ ಹೊತ್ತು ಏನೂ ಯೋಚಿಸಲಿಲ್ಲ.

ಆಮೇಲೆ ಹಲಗೆಯ ಮೂತಿ ಕಣ್ಣಿಗೆ ಬಿತ್ತು. ಬಲಕ್ಕೆ ಸರಿಯುತ್ತಿತ್ತು. ಅವಳು ಹಿಡಿ ಎಳೆದು ನೇರ ಮಾಡುತ್ತಿದ್ದಳು, ಮತ್ತೆ ಬಲಕ್ಕೆ ಸರಿಯುತ್ತಿತ್ತು. ಬಲಬದಿಯ ದಂಟುಗಳು ನನ್ನ ತೋಳಿಗೆ ಉಜ್ಜುತ್ತಲೇ ಇದ್ದವು. ಎಡಬದಿಯ ದಂಟು ಒಂದೂ ತಾಗಿರಲಿಲ್ಲ.

ಕಿವಿಗೊಟ್ಟೆ. ಕೆಸರಿನಿಂದ ಕಾಲು ಕಿತ್ತು ಮತ್ತೆ ಊರುವ ಸದ್ದು ಎಡಗಡೆಯಿಂದ ಬರುತ್ತಿತ್ತು. ಎಡಗಡೆಯಿಂದಲೇ. ಅವಳ ಉಸಿರು ಶಿಳ್ಳೆ ಹಾಕತೊಡಗಿತ್ತು, ಯಾರೇ ಆಗಲಿ ಆ ಹೊತ್ತಿಗೆ ಕಾಲು ಬದಲಾಯಿಸುತ್ತಾರೆ.

ಅತ್ತಿಗೆ ಬೇರೆ ಊರಿನಿಂದ ಮದುವೆಯಾಗಿ ಬಂದವಳು. ಅವಳು ಬಂದ ವರ್ಷವೇ ನಾನು ಪೊಲೀಸ್ ತರಬೇತಿಗೆ ಹೋದವಳು. ಅವಳು ಹಲಗೆ ತಳ್ಳುವುದನ್ನು ನಾನು ಇವತ್ತಿನವರೆಗೆ ನೋಡಿರಲೇ ಇಲ್ಲ. ನೆಲದ ಮೇಲೆ ಎಲ್ಲರಂತೆಯೇ ನಡೆಯುತ್ತಾಳೆ.

“ಅತ್ತಿಗೆ, ದಣ್ದಿದ್ದೀರ. ಕಾಲು ಬದಲಾಯ್ಸಿ.”

“ಬೇಡ.”

“ಬಲಗಾಲಿಗೆ ಏನಾಗಿದೆ?”

ಸದ್ದು ನಿಂತಿತು. ಹಲಗೆ ತನ್ನ ಪಾಡಿಗೆ ಒಂದಿಷ್ಟು ಜಾರಿ ತಾನೂ ನಿಂತಿತು. ನೀರು ಹಲಗೆಯ ಅಂಚಿಗೆ ನೆಕ್ಕುತ್ತಿತ್ತು. ನಾನು ತಿರುಗಲಿಲ್ಲ, ತಿರುಗಲು ಧೈರ್ಯ ಬರಲಿಲ್ಲ. ಬೆಲ್ಟಿನಲ್ಲಿ ನನಗೊಂದು ಬಿದಿರ ಕಡ್ಡಿಯೂ ಇರಲಿಲ್ಲ. ಅವಳ ಸೊಂಟದಲ್ಲಿ ಬಳಚು ಕೀಳುವ ಕೊಕ್ಕೆ ಇತ್ತು.

“ಹುಡ್ಗಿ ಆಗಿದ್ದಾಗ ತೊರಕೆ ಮೀನಿನ ಮುಳ್ಳು ಹೊಕ್ಕಿತ್ತು, ಹಿಮ್ಮಡೀಗೆ,” ಅಂದಳು ಹಿಂದಿನಿಂದ. “ನಡೀಬೋದು. ಕೆಸರಿಗ್ ಊರಿ ತಳ್ಳಿದ್ರೆ ಪ್ರಾಣ ಹೋಗತ್ತೆ.” ಕೆಸರಿನಿಂದ ಕಾಲು ಕಿತ್ತುಕೊಂಡಳು. “ಕಂಬದ್ ಹತ್ರ ಏನ್ ನೋಡ್ದೆ ಲಾನ್?”

ಸುಳ್ಳು ಹೇಳಬಹುದಿತ್ತು. ಬುದ್ಧಿವಂತ ಪೊಲೀಸರು ಅಂಥ ಜಾಗದಲ್ಲಿ ಸುಳ್ಳನ್ನೇ ಹೇಳುತ್ತಾರೆ. ಆದರೆ ಅವಳು ನನ್ನನ್ನು ಕಂಬದ ಹತ್ತಿರವೇ ಬಿಟ್ಟು ಹೋಗಬಹುದಿತ್ತು, ಹೋಗಿರಲಿಲ್ಲ. ನಾನು ಮೆಲ್ಲಗೆ ಅವಳ ಕಡೆ ತಿರುಗಿದೆ.

“ತಾಯಿ ಹುಲ್ಲು ನೋಡ್ದೆ. ಸಾಲು ಅಲ್ಲಿಂದ ಶುರು. ನೆಟ್ಟಿದ್ದು ಎಡಗಾಲು.”

ಅವಳ ಮುಖದಲ್ಲಿ ನಾನು ಅಂದುಕೊಂಡ ಗಾಬರಿ ಕಾಣಲಿಲ್ಲ. ಬಹಳ ದಿನ ಹೊತ್ತ ಮೂಟೆಯನ್ನು ಯಾರೋ ಕೇಳಿದ ಮೇಲೆ ಕೆಳಗಿಟ್ಟವರ ಹಾಗೆ ಭುಜ ಇಳಿಯಿತು. ಅವಳು ಕೈಯನ್ನು ಪಕ್ಕಕ್ಕೆ ಚಾಚಿ ಒಂದು ಕೆಂಪು ದಂಟು ಹಿಡಿದು ಎಳೆದಳು. ಅದು ಬರಲಿಲ್ಲ.

“ಒಂದು ದೋಣಿ ಮುಚ್ಚೋದಕ್ಕೆ ಒಂದೇ ಸಾಲು ನೆಟ್ಟೆ ಕಣೇ,” ಅಂದಳು. “ಒಂದೇ. ಎರಡ್ನೇ ವರ್ಷ ನನ್ ಪಾತಿಗೇ ನುಗ್ತು. ಮೂರ್ನೇ ವರ್ಷ ನಿಮ್ಮನೇದು. ಬಳಚೆಲ್ಲ ಉಸಿರು ಕಟ್ಟಿ ಸತ್ವು. ಊರಿನೋರು ನನ್ ಬಾಗ್ಲಿಗ್ ಬಂದು ಅಳೋರು, ನಾನೂ ಕೂತ್ಕೊಂಡು ಅಳ್ತಿದ್ದೆ. ಯಾರ್ ತಂದ್ ಹಾಕಿದ್ರೋ ಈ ಪೀಡೆನಾ ಅಂತ ಎಲ್ರ ಜೊತೆ ಸೇರಿ ಶಾಪಾನೂ ಹಾಕಿದೀನಿ.”

ನನ್ನ ಕಣ್ಣ ಮುಂದೆ ಊರಿನ ಮುಚ್ಚಿದ ಬಾಗಿಲುಗಳು ಬಂದವು. ಬಳಚಿಲ್ಲದೆ ಕಾರ್ಖಾನೆ ಹುಡುಕಿ ಹೋದ ಮನೆಗಳು. ಹುಲ್ಲು ಹೇಗಿದ್ದರೂ ಕಡಲಿನಿಂದ ಬರುತ್ತಿತ್ತು, ಇವಳು ಅದಕ್ಕೆ ಕೆಲವು ವರ್ಷ ಮೊದಲೇ ಬಾಗಿಲು ತೆಗೆದಿದ್ದಳು, ಅಷ್ಟೆ.

ಬಿಂಗ್‌ಶೆಂಗ್‌ನನ್ನು ಕೊಂದವರು ಯಾರು ಅಂತ ಕೇಳಿದೆ. ಅವಳು ಕೊಲ್ಲಲಿಲ್ಲವಂತೆ. ಅವಳ ಕಣ್ಣಿಗೆ ಬೀಳುವ ಹೊತ್ತಿಗೆ ಅವನು ದೋಣಿಯಲ್ಲಿ ತಣ್ಣಗಾಗಿದ್ದನಂತೆ. ಅದಕ್ಕಿಂತ ಹೆಚ್ಚು ಕೇಳಬೇಡ ಅಂದಳು. ಗಂಡ ಬದುಕಿದ್ದಾಗ ಅವಳ ಮೈಮೇಲೆ ಇರುತ್ತಿದ್ದ ಕಲೆಗಳನ್ನು ಊರಿನ ಹೆಂಗಸರೆಲ್ಲ ನೋಡಿದ್ದರು, ಅದನ್ನು ಅವಳು ಎತ್ತಲಿಲ್ಲ.

“ದಾಶುಯಿ ಚಿಕ್ಕಪ್ಪನ್ನ ನಾಳೆ ಸಾಗಿಸ್ತಾರೆ ಅತ್ತಿಗೆ. ನೀವು ಬಂದು ಈ ಮಾತು ಹೇಳ್ದಿದ್ರೆ ಅವನು ವಾಪಸ್ ಬರಲ್ಲ.”

“ಹೇಳಿದ್ರೆ ನಾನು ವಾಪಸ್ ಬರಲ್ಲ.”

ನೀರು ಅವಳ ಮಂಡಿಗೆ ಬಂತು. ಅವಳು ದಡದ ಕಡೆ ಕಣ್ಣು ಹಾಯಿಸಿ, ತಾನೊಬ್ಬಳೇ ತಳ್ಳಿದರೆ ಇಬ್ಬರೂ ತಲುಪುವುದಿಲ್ಲ ಅಂದಳು. ನನ್ನ ಬಲಗಾಲು ನೆಟ್ಟಗಿದೆಯಾ ಅಂತ ಕೇಳಿದಳು. ನೆಟ್ಟಗಿತ್ತು.

ಹಾಗೆ ನಾವಿಬ್ಬರೂ ಒಂದೇ ಹಲಗೆಯಲ್ಲಿ ಹೊರಟೆವು, ಮುಂದೆ ನಾನು ಎಡಮಂಡಿಯೂರಿ, ಹಿಂದೆ ಅವಳು ಬಲಮಂಡಿಯೂರಿ. ನನ್ನ ಬಲಗಾಲು, ಅವಳ ಎಡಗಾಲು. ಮೊದಲು ಹೊಂದಲಿಲ್ಲ. ನನ್ನ ಪಾದವನ್ನು ಎಮ್ಮೆಯ ಪಾದಕ್ಕೆ ಹೋಲಿಸಿ ಅವಳು ಬೈದಳು, ನಾನೂ ಏನೋ ಒಂದು ಬೈದೆ. ಆಮೇಲೆ ಇಬ್ಬರ ಉಸಿರೂ ಒಂದಾಯಿತು. ನನ್ನ ಕೈದಿಯೋ, ನನ್ನನ್ನು ಹಿಡಿದವಳೋ, ಅವಳು ತಳ್ಳಿದಾಗ ನಾನು ತಳ್ಳುತ್ತಿದ್ದೆ.

ದೋಣಿ ಸಿಕ್ಕ ಗುಂಡಿ ಹಿಂದೆ ಹೋಯಿತು. ಅಲ್ಲಿಗೆ ಬಾಗು ಮುಗಿದು ಸಾಲು ನೇರವಾಗುತ್ತದೆ. ಆ ನೇರದ ಬಗ್ಗೆ ನಾನು ತಲೆ ಕೆಡಿಸಿಕೊಂಡಿರಲಿಲ್ಲ. ದಡದ ಹತ್ತಿರ ಕೆಸರು ಗಟ್ಟಿ, ಗಟ್ಟಿ ಕೆಸರಲ್ಲಿ ಹಲಗೆ ಎಳೆಯುವುದಿಲ್ಲ ಅಂತ ವರದಿಯಲ್ಲಿ ಬರೆದಿದ್ದೆ. ಫಾನ್ ಸಾಹೇಬರು ಒಪ್ಪಿದ್ದರು.

ಕೆಸರು ಗಟ್ಟಿ ಇರಲಿಲ್ಲ. ನನ್ನ ಕಾಲು ಅಲ್ಲೂ ಮೊಣಕಾಲಿನವರೆಗೆ ಇಳಿಯುತ್ತಿತ್ತು.

ಆದರೂ ಹಲಗೆ ಎಡಕ್ಕೂ ಹೋಗಲಿಲ್ಲ, ಬಲಕ್ಕೂ ಹೋಗಲಿಲ್ಲ. ದಾರ ಕಟ್ಟಿ ಎಳೆದ ಹಾಗೆ ಕೆಂಪು ಸಾಲಿನ ನಡುವೆ ನೇರ ಹೋಗುತ್ತಿತ್ತು. ಬಲಗಡೆ ಒಂದು ಕಾಲು, ಎಡಗಡೆ ಒಂದು ಕಾಲು. ಹಲಗೆಯ ಮೇಲೆ ಇಬ್ಬರು.

ನನ್ನ ಕಾಲು ತಾನಾಗಿ ನಿಂತಿತು.

“ಅತ್ತಿಗೆ, ಕಂಬದಿಂದ ದೋಣಿವರೆಗೆ ನೀವೊಬ್ರೇ ನೆಟ್ರಿ. ದೋಣಿಯಿಂದ ದಡಕ್ಕೆ ನಿಮ್ ಜೊತೆ ಯಾರೋ ಹತ್ತಿದ್ರು.”

“ತಳ್ಳು.”

“ಆ ಬಲಗಾಲು ಯಾರ್ದು?”

“ತಳ್ಳೇ ಲಾನ್, ಕಾಲ್ವೆ ತುಂಬತ್ತೆ.”

ತಳ್ಳಿದೆ. ತಳ್ಳುತ್ತಲೇ ಕೇಳಿದೆ. ದಾಶುಯಿಯದಾ? ಹಾಗಿದ್ದರೆ ನನ್ನ ಮೊದಲ ಲೆಕ್ಕವೇ ಅರ್ಧ ಸರಿ, ಚಿಕ್ಕಪ್ಪ ಒಳಗಿರಬೇಕಾದವನೇ. ಅಲ್ಲವಾದರೆ ಅವನು ಯಾರಿಗಾಗಿ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಾನೆ?

“ದಾಶುಯಿ ಅಲ್ಲ,” ಅಂದಳು ಅವಳು ತಳ್ಳುತ್ತಲೇ. “ಆ ಪಾಪದವನಿಗೆ ಗೊತ್ತು, ಅಷ್ಟೆ. ಒಡ್ಡಿನ್ ಮೇಲಿಂದ ನೋಡಿದ್ದ.”

ನೋಡಿದ್ದು ಯಾರನ್ನು ಅಂತ ಕೇಳುವಷ್ಟರಲ್ಲಿ ಹುಲ್ಲು ಮುಗಿಯಿತು. ಮುಂದೆ ಕಾಲುವೆ. ಬೆಳಿಗ್ಗೆ ನಾನು ಪಾದ ಒದ್ದೆ ಮಾಡಿಕೊಂಡು ದಾಟಿದ್ದ ಕಾಲುವೆ ಈಗ ಕಂದು ನೀರು ತುಂಬಿ ಸುಳಿ ತಿರುಗುತ್ತಿತ್ತು. ಆಚೆ ದಂಡೆ ಎತ್ತರ, ಅಲ್ಲಿಗೆ ಇನ್ನೂ ನೀರು ಏರದೆ ಬರೀ ಕೆಸರು ಕಾಣುತ್ತಿತ್ತು, ಅದರ ಹಿಂದೆ ಒಡ್ಡು, ಊರಿನ ಮಾಡುಗಳು, ಯಾರದೋ ಅಡುಗೆಮನೆಯ ಹೊಗೆ. ಇಷ್ಟು ಹತ್ತಿರ ಬಂದು ಸಿಕ್ಕಿಬಿದ್ದಿದ್ದೆವು. ಹಲಗೆ ಆ ಸೆಳೆತದಲ್ಲಿ ಒಂದು ಗಳಿಗೆಯೂ ನಿಲ್ಲುವುದಿಲ್ಲ. ಇಳಿದು ಅದನ್ನು ಹಿಡಿದುಕೊಂಡು ನಿಂತೆವು. ನೀರು ಸೊಂಟಕ್ಕೆ ಬಂತು.

ಉತ್ತರದ ಕಡೆ, ಹುಲ್ಲಿನ ಗೋಡೆಯ ಆಚೆ ಬದಿಯಲ್ಲಿ ನನ್ನ ಹಲಗೆ ಎಲ್ಲೋ ತೇಲುತ್ತಿರಬೇಕು. ಅತ್ತಿಗೆ ಬಂದದ್ದು ದಕ್ಷಿಣದಿಂದ. ಆ ಕಡೆಯಿಂದ ಬಂದವರಿಗೆ ಅದು ಕಾಣುವ ಹಾಗೇ ಇಲ್ಲ.

“ನನ್ ಹಲಗೆ ನೀವು ನೋಡ್ಲಿಲ್ಲ,” ಅಂದೆ. “ನಾನ್ ಇಲ್ಲಿದೀನಿ ಅಂತ ಯಾರ್ ಹೇಳಿದ್ದು?”

ಅವಳು ನನ್ನ ತೋಳು ಹಿಡಿದು ಆಚೆ ದಂಡೆಯ ಕಡೆ ನೋಡುತ್ತಿದ್ದಳು. ಯಾರೋ ಒಡ್ಡು ಇಳಿದು ಹಲಗೆ ತಳ್ಳಿಕೊಂಡು ಬರುತ್ತಿದ್ದರು. ಸ್ವಲ್ಪ ದೂರ ಬಲಗಾಲು, ಸ್ವಲ್ಪ ದೂರ ಎಡಗಾಲು, ನಮ್ಮೂರಿನ ಎಲ್ಲರ ಹಾಗೆ. ಕೆಮ್ಮು ಕೇಳಿಸಿತು. ಅಪ್ಪ.

ನನಗೆ ಜೀವ ಬಂದಂತಾಯಿತು. ಕೈಯೆತ್ತಿ ಕೂಗಿದೆ, ಚಿಕ್ಕ ಹುಡುಗಿಯ ಹಾಗೆ ಕೂಗಿದೆ. ಅಪ್ಪ ದಂಡೆಯ ಅಂಚಿಗೆ ಬಂದು ಹಲಗೆ ನಿಲ್ಲಿಸಿ, ಗೂಟ ಹೊಡೆದು ಕಟ್ಟಿದ. ಭುಜದಿಂದ ಹಗ್ಗದ ಸುರುಳಿ ಇಳಿಸಿದ. ಒಂದು ತುದಿಯನ್ನು ಗೂಟಕ್ಕೆ ಬಿಗಿದು, ಉಳಿದದ್ದನ್ನು ಕೈಗೆ ತೆಗೆದುಕೊಂಡು ನೆಟ್ಟಗೆ ನಿಂತ. ಅಷ್ಟು ಅಗಲವನ್ನು ಅವನು ಕಣ್ಣುಮುಚ್ಚಿ ಎಸೆಯಬಲ್ಲ. ನಾನು ಎರಡೂ ಕೈ ಚಾಚಿದೆ.

ಅಪ್ಪ ಎಸೆಯಲಿಲ್ಲ. ನನ್ನನ್ನು ನೋಡಲೂ ಇಲ್ಲ.

ಅತ್ತಿಗೆ ಊರಿಗೆ ಬಂದಾಗಿನಿಂದ ಅವನು ಅವಳನ್ನು ಬಿಂಗ್‌ಶೆಂಗ್‌ನ ಮನೆಯವಳು ಅನ್ನುತ್ತಿದ್ದ. ಬೇರೆ ಹೆಸರಿನಿಂದ ಕರೆದದ್ದನ್ನು ನಾನು ಕೇಳಿರಲಿಲ್ಲ.

“ಶಿಯೂ,” ಅಂದ ಅಪ್ಪ. ದನಿ ಮೆತ್ತಗಿತ್ತು, ನೀರಿನ ಮೇಲೆ ಸ್ಪಷ್ಟವಾಗಿ ಬಂತು. “ಅವ್ಳಿಗೆ ಏನೇನ್ ಹೇಳ್ದೆ?”

ಹಗ್ಗ ಇನ್ನೂ ಅವನ ಕೈಯಲ್ಲೇ ಇತ್ತು.